ಅಪ್‌ಡೇಟ್: ಫೋಟೋದಲ್ಲಿ ಚೆನ್ನಾಗಿ ಕಾಣುವುದನ್ನು ಕಲಿಯಬಹುದಾ?

ಎದುರಿಗೆ ಸರಿಯಾಗೇ ಇರುತ್ತೇನೆ, ಫೋಟೋದಲ್ಲಿ ಮಾತ್ರ ಯಾಕೆ ಹೀಗೆ, ಇದು ಕಲಿತರೆ ಬರುತ್ತದಾ ಅಂತ ಕೇಳಿದ್ದೆ. ಮೂರು ವಾರ ಪ್ರಯತ್ನಿಸಿದೆ. ಮುಕ್ಕಾಲು ಪಾಲು ಬರುತ್ತದೆ.

ಜಾಸ್ತಿ ತಪ್ಪು ದೂರದ್ದೇ. ಫೋನನ್ನು ಒಂದು ಅಡಿಯಲ್ಲಿ ಹಿಡಿದರೆ ಹತ್ತಿರವಿರುವ ಮೂಗು ದಪ್ಪ, ಕಿವಿ ಮಾಯ. ಐದಾರು ಅಡಿ ಆಚೆ ಇಟ್ಟು, ಟೈಮರ್ ಹಾಕಿ, ಆಮೇಲೆ ಕ್ರಾಪ್ ಮಾಡಿದೆ. ನನ್ನ ಮೂಗು ನನಗೆ ವಾಪಸ್ ಸಿಕ್ಕಿತು! ತಲೆ ಮೇಲಿನ ಲೈಟ್ ಆರಿಸಿ ಕಿಟಕಿಯ ಕಡೆ ತಿರುಗಿದೆ. ಕಣ್ಣ ಕೆಳಗಿನ ನೆರಳು ಹೋಯಿತು. ಗದ್ದ ಸ್ವಲ್ಪ ಮುಂದೆ ಚಾಚಬೇಕು. ಆಮೆ ಥರ ಅನ್ನಿಸುತ್ತದೆ, ಫೋಟೋದಲ್ಲಿ ಗೊತ್ತಾಗುವುದಿಲ್ಲ.

ನಗು ಮಾತ್ರ ಇನ್ನೂ ಬಂದಿಲ್ಲ. 'ರೆಡಿ' ಅಂದ ತಕ್ಷಣ ಮುಖ ಬಿಗಿಯುತ್ತದೆ.

ಇನ್ನೊಂದು, ನನಗೆ ರೂಢಿಯಾಗಿರುವುದು ಕನ್ನಡಿಯ ಮುಖ, ಅಂದರೆ ಎಡಬಲ ಅದಲುಬದಲಾದದ್ದು. ಅದಕ್ಕೇ ಫೋಟೋದ ಮುಖ ಬೇರೆ ಥರ ಅನ್ನಿಸುತ್ತದೆ. ಫೋಟೋವನ್ನೂ, ಅದನ್ನೇ ಕನ್ನಡಿಯ ಥರ ತಿರುಗಿಸಿದ್ದನ್ನೂ ತಂಗಿಗೆ ತೋರಿಸಿದೆ. 'ಸರಿಯಾಗಿರೋದು ಫೋಟೋದಲ್ಲಿರೋದೇ ಅಲ್ವಾ?' ಅಂದಳು.