ಎಲ್ ಕಮೀನೋ ಕೊಳ್ಳಲೋ, ರಾಂಚೆರೋ ಕೊಳ್ಳಲೋ?

ಪ್ರಶ್ನೆ: ಸ್ಯಾಕ್ರಮೆಂಟೋ ಕನ್ನಡಿಗ

ಮುಂದೆ ನೋಡಿದರೆ ಕಾರು, ಹಿಂದೆ ನೋಡಿದರೆ ಪಿಕಪ್ ಆಗಿರುವ ಹಳೆಯ ಅಮೆರಿಕನ್ ಗಾಡಿಯೊಂದನ್ನು ಕೊಳ್ಳಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ. ಈಗ ಎರಡು ಗಾಡಿಗಳು ಕಣ್ಣಿಗೆ ಬಿದ್ದಿವೆ. ಒಂದು, ಓಹಾಯೋದಿಂದ ಇಲ್ಲಿಗೆ ಬಂದಿರುವ 1972ರ ಷೆವರ್ಲೆ ಎಲ್ ಕಮೀನೋ. ಹೊಸ ಬಣ್ಣ ಬಳಿದು ಥಳಥಳ ಹೊಳೆಯುವಂತೆ ಮಾಡಿದ್ದಾರೆ, ಎಸ್‌ಎಸ್ (ಸೂಪರ್ ಸ್ಪೋರ್ಟ್ ಎಂಬ ಹುರುಪಿನ ಮಾದರಿಯ) ಲಾಂಛನವಿದೆ, 350 ಘನ ಇಂಚಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಇದೆ. ಇನ್ನೊಂದು, ಅರಿಜೋನಾದಲ್ಲೇ ಓಡಿದ 1965ರ ಫೋರ್ಡ್ ಫಾಲ್ಕನ್ ರಾಂಚೆರೋ. ಬಿಸಿಲಿಗೆ ಅದರ ಬಣ್ಣ ಸುಣ್ಣದಂತಾಗಿದೆ, ಎಂಜಿನ್ ಆರು ಸಿಲಿಂಡರಿನದು. ವಾರಾಂತ್ಯದಲ್ಲಿ ಹೆದ್ದಾರಿಯಲ್ಲಿ ಓಡಿಸುವುದು, ತೋಟಕ್ಕೆ ಗೊಬ್ಬರ ತರುವುದು, ಇಷ್ಟೇ ನನ್ನ ಬಳಕೆ. ಮುಂದೆ ಜನರಲ್ ಮೋಟರ್ಸ್ ಕಂಪನಿಯ ಹೊಸ ಕಾಲದ 5.3 ಲೀಟರ್ ಎಲ್‌ಎಸ್ ಎಂಜಿನ್ ಕೂರಿಸುವ ಯೋಚನೆಯೂ ಇದೆ. ಮನಸ್ಸು ಎಲ್ ಕಮೀನೋ ಕಡೆಗೇ ವಾಲುತ್ತಿದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ಗ್ರೀಸ್ ಅಂಟಿದ ಕೈ

ಹೊಸ ಬಣ್ಣ ಕಂಡ ಕೂಡಲೇ ಮುಂಗಡ ಕೊಡಬೇಡಿ. ನಾನು ಮೊದಲು ಕೊಂಡ 1970ರ ಎಲ್ ಕಮೀನೋ ಕೂಡ ಹೀಗೆಯೇ ಹೊಳೆಯುತ್ತಿತ್ತು. ಎರಡನೆಯ ಮಳೆಗಾಲಕ್ಕೆ ಹಿಂದಿನ ಗಾಜಿನ ಕೆಳಗೆ ಬಣ್ಣ ಗುಳ್ಳೆಯೆದ್ದಿತು. ಬೆರಳಿನಿಂದ ಒತ್ತಿದರೆ ಪುಟ್ಟಿ ಹಪ್ಪಳದಂತೆ ಮುರಿದು ಬಂತು, ಅದರ ಹಿಂದೆ ತಗಡೇ ಇರಲಿಲ್ಲ. ಆ ಒಂದು ಅಂಚನ್ನು ಸರಿಪಡಿಸುವುದಕ್ಕೆ ಎಂಜಿನ್ ರಿಪೇರಿಗಿಂತ ಹೆಚ್ಚು ಹಣ ತೆತ್ತೆ.

ಓಹಾಯೋದಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆದ್ದರಿಂದ ಅಡಿಯಿಂದಲೇ ಪರೀಕ್ಷೆ ಶುರುಮಾಡಿ. ಈ ಗಾಡಿಯಲ್ಲಿ ಸೀಟಿನ ಹಿಂದೆ, ಬೆಡ್ಡಿನ (ಸಾಮಾನು ಹೇರುವ ತೊಟ್ಟಿಯ) ಮುಂಭಾಗದ ತಗಡಿನ ಕೆಳಗೆ ಒಂದು ಪೊಳ್ಳು ಜಾಗವಿದೆ. ಸ್ಟೇಷನ್ ವ್ಯಾಗನ್ನಿನಲ್ಲಿ ಹಿಂದೆ ಕೂತವರು ಕಾಲಿಡುವ ಗುಳಿ ಅದೇ. ಪಿಕಪ್ ಮಾಡುವಾಗ ಅದರ ಮೇಲೆ ಬೆಡ್ ಮುಚ್ಚಿದ್ದಾರೆ. ಅದರ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿ, ಟಾರ್ಚ್ ಹಿಡಿದು ಒಳಗೆ ನೋಡಿ. ಎಲೆ, ಮಣ್ಣು, ನೀರು ಅಲ್ಲಿ ಸೇರಿ ವರ್ಷಗಟ್ಟಲೆ ಕೊಳೆಯುತ್ತವೆ. ಆಮೇಲೆ ಹಿಂಚಕ್ರದ ಹಿಂದಿನ ಚಾಸಿ, ಟೇಲ್‌ಗೇಟಿನ ತಳ, ವಿನೈಲ್ ಹೊದಿಕೆ ಇದ್ದರೆ ಚಾವಣಿಯ ಅಂಚು, ಇಷ್ಟನ್ನೂ ಅಯಸ್ಕಾಂತ ಇಟ್ಟು ನೋಡಿ. 1968ರಿಂದ 72ರವರೆಗಿನ ಮಾದರಿಗೆ ಮುಂಭಾಗದ ಬಿಡಿಭಾಗಗಳು ಅದೇ ಕಂಪನಿಯ ಕಾರಾದ ಷೆವೆಲ್‌ನವೇ ಆಗುವುದರಿಂದ ಧಾರಾಳವಾಗಿ ಸಿಗುತ್ತವೆ. ಬಾಗಿಲಿನಿಂದ ಹಿಂದಕ್ಕೆ ಕೆಟ್ಟಿದ್ದರೆ ಕಷ್ಟ ಅಲ್ಲಿಂದ ಶುರು.

ಇನ್ನು ಆ ಎಸ್‌ಎಸ್ ಲಾಂಛನ. 1968ರಲ್ಲಿ ಎಸ್‌ಎಸ್ 396ಕ್ಕೆ ಪ್ರತ್ಯೇಕ ಮಾದರಿ ಸಂಖ್ಯೆ ಇತ್ತು. 1969ರಿಂದ ಅದು ಹೆಚ್ಚುವರಿ ಪ್ಯಾಕೇಜ್ ಆಯಿತು. ಹೀಗಾಗಿ 1972ರ ಚಾಸಿ ಸಂಖ್ಯೆಯ ಐದನೆಯ ಅಕ್ಷರ ಎಂಜಿನ್ ಯಾವುದೆಂದು ಹೇಳುತ್ತದೆಯೇ ಹೊರತು, 350 ಇರುವ ಗಾಡಿ ಎಸ್‌ಎಸ್ ಹೌದೋ ಅಲ್ಲವೋ ಎಂದು ಹೇಳುವುದಿಲ್ಲ. ಗಾಡಿಗೆ ಏನೇನು ಹಾಕಿದ್ದಾರೆಂದು ತಿಳಿಸುವ ಕಾರ್ಖಾನೆಯ ಬಿಲ್ಡ್ ಶೀಟ್ ಕೇಳಿ. ಆ ವರ್ಷದ ಎಸ್‌ಎಸ್ ಪ್ಯಾಕೇಜಿನಲ್ಲಿ ಮುಂದಿನ ಪವರ್ ಡಿಸ್ಕ್ ಬ್ರೇಕ್ ಸೇರಿತ್ತು, ಆದ್ದರಿಂದ ಮುಂಚಕ್ರದಲ್ಲಿ ಡ್ರಮ್ ಕಂಡರೆ ಆ ಲಾಂಛನಕ್ಕೆಂದು ಒಂದು ಡಾಲರನ್ನೂ ಹೆಚ್ಚಿಗೆ ಕೊಡಬೇಡಿ.

ಉತ್ತರ: ಫಾಲ್ಕನ್ ಪ್ರೇಮಿ

ನಾನು ಹದಿನಾಲ್ಕು ವರ್ಷಗಳಿಂದ 1964ರ ರಾಂಚೆರೋ ಓಡಿಸುತ್ತಿದ್ದೇನೆ. ಈ ಬಗೆಯ ಗಾಡಿಯನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದ್ದು 1957ರ ರಾಂಚೆರೋ ಎಂಬುದನ್ನು ಷೆವರ್ಲೆ ಅಭಿಮಾನಿಗಳು ಮರೆಯಬಾರದು. ಎಲ್ ಕಮೀನೋ ಬಂದದ್ದು 1959ರಲ್ಲಿ.

ಫಾಲ್ಕನ್ನಿಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ತಳದಲ್ಲಿ ತುಕ್ಕು ಹಿಡಿದರೆ ಗಾಡಿಯ ಬೆನ್ನೆಲುಬೇ ಹೋದಂತೆ, ಆದ್ದರಿಂದ ಅರಿಜೋನಾದ ಗಾಡಿ ಎಂಬುದು ದೊಡ್ಡ ವಿಷಯ. ಮುಂಗಾಜಿನ ಕೆಳಗಿನ ಗಾಳಿಕಿಂಡಿಗೆ ಒಂದು ಚೊಂಬು ನೀರು ಸುರಿದು, ಡ್ಯಾಶ್‌ಬೋರ್ಡಿನ ಅಡಿ ಕೈಯಾಡಿಸಿ ನೋಡಿ. ಎಲ್‌ಎಸ್ ಆಸೆಯನ್ನು ಮಾತ್ರ ಈ ಗಾಡಿಯ ಮಟ್ಟಿಗೆ ಬಿಡಿ. ಎಂಜಿನ್ನಿನ ಎರಡೂ ಬದಿಗೆ ಶಾಕ್ ಅಬ್ಸಾರ್ಬರಿನ ಗೋಪುರಗಳು ಜಾಗವನ್ನು ತಿಂದಿವೆ. 1965ರಲ್ಲಿ ಫೋರ್ಡ್ ತಾನೇ 289 ವಿ8 ಕೂರಿಸಿತ್ತು, ಅದರ ಬಳಗದ 302 ಸಲೀಸಾಗಿ ಕೂರುತ್ತದೆ. ಆದರೆ ಆರು ಸಿಲಿಂಡರಿನ ಗಾಡಿಯ ಚಕ್ರಕ್ಕೆ ನಾಲ್ಕೇ ಬೋಲ್ಟ್, ಆಕ್ಸಲ್ ಸಣ್ಣದು, ಬ್ರೇಕ್ ಚಿಕ್ಕದು. ಮೊದಲು ವಿ8 ಗಾಡಿಯ ಐದು ಬೋಲ್ಟಿನ ಸ್ಪಿಂಡಲ್ (ಮುಂಚಕ್ರ ಕೂರುವ ಗೂಟ) ಮತ್ತು 8 ಇಂಚಿನ ಹಿಂದಿನ ಆಕ್ಸಲ್ ಹಾಕಿಸಿ.

ಅದಕ್ಕೂ ಮೊದಲು ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರನ್ನು ಬದಲಿಸಲೇಬೇಕು. ಈ ಗಾಡಿಯಲ್ಲಿ ಇರುವುದು ಒಂದೇ ಕೋಣೆಯದು. ಒಂದು ಚಕ್ರದ ಪೈಪ್ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವವರು ಎರಡು ಕೋಣೆಯ ಸಿಲಿಂಡರ್ ಇಲ್ಲದೆ ಇಳಿಯಬಾರದೆಂದು ಕೈಮುಗಿದು ಕೇಳುತ್ತೇನೆ.

ಉತ್ತರ: ಸ್ಯಾನ್ ಹೋಸೆ ರಾವ್

ಕಾಗದಪತ್ರದ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆ ಇಲ್ಲದಿರುವುದರಿಂದ ನಿಮ್ಮ ಎರಡು ಆಯ್ಕೆಗಳಿಗೂ ಆ ತೊಡಕಿಲ್ಲ. ಯಾರಾದರೂ ಅಗ್ಗಕ್ಕೆ ಸಿಗುತ್ತದೆಂದು 1978ರಿಂದ 87ರವರೆಗಿನ ಎಲ್ ಕಮೀನೋ ತೋರಿಸಿದರೆ, ಅದಕ್ಕೆ ಹೊಗೆ ತಪಾಸಣೆ ಇರುವುದರಿಂದ ಎಂಜಿನ್ ಬದಲಿಸುವುದು ಅಲ್ಲಿ ಅಷ್ಟು ಸುಲಭವಲ್ಲ ಎಂಬುದು ನೆನಪಿರಲಿ.

ಮರುಪ್ರಶ್ನೆ: ಸ್ಯಾಕ್ರಮೆಂಟೋ ಕನ್ನಡಿಗ

ಎಲ್ಲರಿಗೂ ಧನ್ಯವಾದಗಳು. ಶನಿವಾರ ಎರಡನ್ನೂ ನೋಡಿ ಬಂದೆ. ಎಲ್ ಕಮೀನೋದ ಆ ಮುಚ್ಚಳ ತೆಗೆದರೆ ಒಳಗೆ ಒದ್ದೆ ಮಣ್ಣಿತ್ತು, ಸ್ಕ್ರೂಡ್ರೈವರಿನ ತುದಿ ತಗಡನ್ನು ದಾಟಿ ನೆಲ ಮುಟ್ಟಿತು. ಮುಂಚಕ್ರದಲ್ಲಿ ಡ್ರಮ್ ಇತ್ತು. ರಾಂಚೆರೋದ ತಳವೆಲ್ಲ ಒಣಗಿ ಗಟ್ಟಿಯಾಗಿದೆ, ಆದರೆ ನೀರು ಸುರಿದಾಗ ಎಡಬದಿಯಲ್ಲಿ ನಾಲ್ಕಾರು ಹನಿ ತೊಟ್ಟಿಕ್ಕಿತು. ಇದರಿಂದ ಹಿಂಜರಿಯಬೇಕೇ?

ಉತ್ತರ: ಫಾಲ್ಕನ್ ಪ್ರೇಮಿ

ಹಿಂಜರಿಯಬೇಡಿ, ಚೌಕಾಸಿ ಮಾಡಿ. ಅದನ್ನು ಸರಿಪಡಿಸಲು ಮೇಲಿನ ತಗಡಿನ ಸ್ಪಾಟ್ ವೆಲ್ಡಿಂಗುಗಳನ್ನೆಲ್ಲ ಡ್ರಿಲ್ ಮಾಡಿ ತೆಗೆದು, ತೇಪೆ ಹಾಕಿ, ಮತ್ತೆ ಬೆಸೆಯಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಆಗದ ಕೆಲಸವಲ್ಲ. ಟಿಂಕರಿಂಗ್ ಮಾಡುವವರಿಂದ ಕೂಲಿ ಎಷ್ಟೆಂದು ಬರೆಸಿಕೊಂಡು, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಗಾಡಿ ಮನೆಗೆ ಬಂದ ಮೇಲೆ ಮಾಸ್ಟರ್ ಸಿಲಿಂಡರ್ ಬದಲಿಸುವ ದಿನ ನನಗೆ ತಿಳಿಸಿ. ನಾನು ಸ್ಟಾಕ್ಟನ್ನಿನಲ್ಲೇ ಇದ್ದೇನೆ, ಬ್ರೇಕ್ ಪೈಪಿನ ಬಾಯಿ ಅಗಲಿಸುವ (ಫ್ಲೇರ್ ಮಾಡುವ) ಸಾಧನ ಹಿಡಿದು ಬರುತ್ತೇನೆ.