ಒಂದೇ ಇಸವಿ, ಎರಡು ಬಗೆಯ ಗೆರೆ: ಹೊಕುಸಾಯಿಯ ‘ಎಹೊನ್ ಸಾಕಿಗಾಕೆ’

ಪ್ರಶ್ನೆ:
ಜಪಾನಿನ ಕಲಾವಿದ ಹೊಕುಸಾಯಿಯ 1836ರ ಈ ವೀರಚಿತ್ರ ಪುಸ್ತಕದ ಎರಡು ಪ್ರತಿಗಳ ಡಿಜಿಟಲ್ ಪುಟಗಳನ್ನು ಹೋಲಿಸುತ್ತಿದ್ದೇನೆ. ಒಂದರಲ್ಲಿ ಕವಚದ ಹೆಣಿಗೆಯೂ ಕುದುರೆಯ ಜೂಲೂ ಎಳೆ ಎಳೆಯಾಗಿ ಮೂಡಿವೆ. ಇನ್ನೊಂದರಲ್ಲಿ ಅವೇ ಗೆರೆಗಳು ದಪ್ಪಗಾಗಿ ಅಲ್ಲಲ್ಲಿ ಕಡಿದುಹೋಗಿವೆ. ಆದರೂ ಕೊನೆಯ ಪುಟದ ಇಸವಿ ಒಂದೇ. ಎರಡು ಪುಟಗಳಿಗೆ ಹರಡಿದ ಚಿತ್ರಗಳು ನಡುವೆ ಸರಿಯಾಗಿ ಕೂಡುವುದಿಲ್ಲವೇಕೆ? ಇಂತಹ ಪುಸ್ತಕಗಳ ವೀರರು ಬಹುಪಾಲು ಪ್ರಾಚೀನರೇ ಆಗಿರುವುದಕ್ಕೂ ಕಾರಣವಿದೆಯೇ?

ಉತ್ತರ 1:
ಇಂತಹ ಪುಸ್ತಕಗಳು ಕೆತ್ತಿದ ಮರದ ಹಲಗೆಗಳಿಂದ ಅಚ್ಚಾಗುತ್ತಿದ್ದವು. ಇಸವಿಯನ್ನೂ ಹಲಗೆಯಲ್ಲೇ ಕೆತ್ತಿರುತ್ತಿದ್ದರು. ಹಲಗೆಗಳು ಒಬ್ಬ ಪ್ರಕಾಶಕನಿಂದ ಇನ್ನೊಬ್ಬನಿಗೆ ಮಾರಾಟವಾಗಿ, ಹಲವು ವರ್ಷಗಳ ಬಳಿಕ ಮತ್ತೆ ಅಚ್ಚಾದಾಗಲೂ ಅದು ಹಾಗೆಯೇ ಉಳಿಯಬಹುದಿತ್ತು. ಆದರೆ ಪದೇ ಪದೇ ಅಚ್ಚಾದಂತೆ ಹಲಗೆ ಸವೆದು ಗೆರೆಗಳು ದಪ್ಪಗಾಗಿ ಕಡಿಯುತ್ತವೆ. ಆದ್ದರಿಂದ ಇಸವಿಗಿಂತ ಗೆರೆಯನ್ನೇ ನಂಬಿರಿ. ಕಲಾವಿದನ ತೆಳು ಕಾಗದದ ಚಿತ್ರವನ್ನು ಚೆರಿ ಮರದ ಹಲಗೆಗೆ ಮಗುಚಿ ಅಂಟಿಸಿ, ಕಾಗದದ ಸಮೇತ ಕೆತ್ತುತ್ತಿದ್ದುದರಿಂದ ಮೂಲಚಿತ್ರ ಅಲ್ಲಿಗೇ ಅಳಿಯುತ್ತಿತ್ತು. ನಮಗೆ ಉಳಿದಿರುವುದು ಕೆತ್ತನೆಗಾರನ ಕೈ ಮಾತ್ರ, ಮತ್ತು ಆ ಕೈ ಎಂತಹದು ಎಂಬುದು ಮೊದಲ ಮುದ್ರಣಗಳಲ್ಲೇ ಕಾಣುತ್ತದೆ. ಎರಡು ಪುಟಗಳ ಚಿತ್ರ ನಡುವೆ ಕೂಡದಿರಲು ಕಾರಣ ಹೊಲಿಗೆಯ ಕ್ರಮ. ಒಂದೇ ಬದಿಗೆ ಅಚ್ಚಾದ ಹಾಳೆಯನ್ನು ಮಡಿಸಿ, ಮಡಿಕೆಯನ್ನು ಹೊರಗಿಟ್ಟು, ತೆರೆದ ಅಂಚುಗಳನ್ನು ಬೆನ್ನಿಗೆ ಹೊಲಿಯುತ್ತಿದ್ದರು. ಹೀಗಾಗಿ ಎದುರುಬದುರಾಗಿ ಕಾಣುವ ಎರಡು ಪುಟಗಳು ಬೇರೆ ಬೇರೆ ಹಾಳೆಗಳವು. ಎಳೆದ ಬಿಲ್ಲು ಒಂದು ಹಾಳೆಯಲ್ಲಿ, ಬಾಣದ ಗುರಿ ಇನ್ನೊಂದರಲ್ಲಿ!

ಉತ್ತರ 2:
ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. 12ನೆಯ ಶತಮಾನದ ಯೋಧರಾದ ಯೊಶಿತ್ಸುನೆ, ತಮೆತೊಮೊ ಅವರ ಕಥೆಗಳು ಮೊದಲಿನಿಂದಲೂ ಜನಪ್ರಿಯವಾಗಿದ್ದವು. ಅದರ ಮೇಲೆ ಸರ್ಕಾರದ ನಿರ್ಬಂಧವೂ ಇತ್ತು. 16ನೆಯ ಶತಮಾನದ ಆಡಳಿತಗಾರ ಹಿದೆಯೊಶಿಯ ಜೀವನವನ್ನು ಚಿತ್ರಿಸಿದ ‘ಎಹೊನ್ ತೈಕೊಕಿ’ 1804ರಲ್ಲಿ ನಿಷೇಧಕ್ಕೊಳಗಾಯಿತು. ಅದೇ ವಸ್ತುವಿನ ಮುದ್ರಣಚಿತ್ರಗಳಿಗಾಗಿ ಉತಾಮಾರೊನಂತಹ ಮೇರು ಕಲಾವಿದನ ಕೈಗೇ ಕೋಳ ಬಿತ್ತು. 1573ರಲ್ಲಿ ಆರಂಭವಾದ ತೆನ್ಶೊ ಕಾಲದಿಂದೀಚಿನ ಯೋಧರ ಹೆಸರು, ಲಾಂಛನಗಳನ್ನು ಬಳಸಕೂಡದೆಂಬ ಆಜ್ಞೆಯೂ ಹೊರಟಿತು. ಮುಂದೆ ಕೆಲವರು ಹೆಸರುಗಳನ್ನು ತುಸು ತಿರುಚಿ ಆ ಕಥೆಗಳನ್ನೇ ಚಿತ್ರಿಸಿದರು.

ಉತ್ತರ 1:
ಮೊದಲು ಹೇಳಲು ಮರೆತದ್ದು: ಪುಟದ ಸುತ್ತಲಿನ ಚೌಕಟ್ಟಿನ ಗೆರೆಯನ್ನು ಪರೀಕ್ಷಿಸಿರಿ. ಎರಡೂ ಪ್ರತಿಗಳಲ್ಲಿ ಬಿರುಕುಗಳು ಒಂದೇ ಜಾಗದಲ್ಲಿದ್ದರೆ ಹಲಗೆ ಒಂದೇ. ಇಲ್ಲದಿದ್ದರೆ ಹೊಸದಾಗಿ ಕೆತ್ತಿದ ನಕಲಿರಬಹುದು.

ಪ್ರಶ್ನೆ ಕೇಳಿದವರು:
ನೋಡಿದೆ. ಮೂರು ಪುಟಗಳಲ್ಲಿ ಬಿರುಕು ಅದೇ ಜಾಗದಲ್ಲಿದೆ. ಎರಡನೆಯ ಪ್ರತಿಯಲ್ಲಿ ಅಗಲವಾಗಿದೆ, ಅಷ್ಟೆ. ಹಲಗೆ ಒಂದೇ ಎಂದಾಯಿತು. ಇಬ್ಬರಿಗೂ ಕೃತಜ್ಞತೆಗಳು.