ಡಯೋಡ್ ಹಾಕಿದ ಮೇಲೆ ಮೀಟರ್ ಕಡಿಮೆ ತೋರಿಸುತ್ತಿದೆ

ತಂತಿಗಂಟು:
ನನ್ನದು 50 ಮೈಕ್ರೊಆಂಪಿಯರ್‌ನ ಮುಳ್ಳಿನ ಮೀಟರ್, ಸುರುಳಿಯ ರೋಧ 2,000 ಓಮ್. ಸರಣಿಯಲ್ಲಿ 298 ಕಿಲೊಓಮ್ ಸೇರಿಸಿ 15 ವೋಲ್ಟ್ ಮೀಟರ್ ಮಾಡಿಕೊಂಡು, 12 ವೋಲ್ಟ್ ಡಿಸಿ ರಿಲೇಯ (ಸುರುಳಿಯ ಕಾಂತದಿಂದ ನಡೆಯುವ ಸ್ವಿಚ್) ಸುರುಳಿಯ ಎರಡು ತುದಿಗಳಿಗೆ ಜೋಡಿಸಿದ್ದೇನೆ. ರಿಲೇ ಆಫ್ ಮಾಡಿದಾಗಲೆಲ್ಲ ಮುಳ್ಳು ಹಿಂದಕ್ಕೆ ಹಾರಿ ಟಕ್ಕೆಂದು ಬಡಿಯುತ್ತಿತ್ತು. ಹಿಂದಿನ ಮೀಟರಿನ ಮುಳ್ಳು ಹೀಗೇ ಬಾಗಿ ಹೋಯಿತು. ಅದಕ್ಕೇ ಈ ಬಾರಿ ಎರಡು 1ಎನ್5819 ಶಾಟ್ಕಿ ಡಯೋಡ್‌ಗಳನ್ನು (ವಿದ್ಯುತ್ತನ್ನು ಒಂದೇ ದಿಕ್ಕಿಗೆ, ಅದೂ ಕಡಿಮೆ ವೋಲ್ಟೇಜಿಗೇ, ಹರಿಯಬಿಡುವಂಥವು) ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಮೀಟರಿನ ಸುರುಳಿಗೆ ಅಡ್ಡಲಾಗಿ ಬೆಸೆದೆ. ಬಡಿತವೇನೋ ನಿಂತಿತು, ಆದರೆ 12 ಇರಬೇಕಾದಲ್ಲಿ 4 ತೋರಿಸುತ್ತಿದೆ. ಮೀಟರ್ ಸುಟ್ಟಿದೆಯೇ?

ಬೆಸುಗೆಪ್ರಿಯ:
ಡಯೋಡ್ ಬಿಚ್ಚಿ, ಸಣ್ಣ ಫ್ಯೂಸ್ ಹಾಕಿ ನೋಡಿ.

ಹಳೆಮುಳ್ಳು:
ಫ್ಯೂಸ್ ಬೇಡ. ಅದು ಕರಗುವ ಹೊತ್ತಿಗೆ ಇಂಥ ಮೀಟರಿನ ಕಥೆ ಮುಗಿದಿರುತ್ತದೆ.

ತಂತಿಗಂಟು ಅವರೇ, ಒಂದು ಡಯೋಡನ್ನು ಬೆರಳುಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ. ಮುಳ್ಳು ಇನ್ನಷ್ಟು ಇಳಿಯುತ್ತದೆಯೇ?

ತಂತಿಗಂಟು:
ಹೌದು ಸರ್! ಬಿಟ್ಟರೆ ನಿಧಾನವಾಗಿ ಮೇಲೇರುತ್ತದೆ.

ಹಳೆಮುಳ್ಳು:
ಹಾಗಾದರೆ ಮೀಟರ್ ಗಟ್ಟಿಯಾಗಿದೆ, ಕಳ್ಳ ಡಯೋಡೇ. ಪೂರ್ಣ ಅಳತೆಯಲ್ಲಿ ನಿಮ್ಮ ಸುರುಳಿಯ ಮೇಲೆ ಬೀಳುವುದು 0.1 ವೋಲ್ಟ್ ಮಾತ್ರ. ಅಷ್ಟಕ್ಕೇ ಈ ಶಾಟ್ಕಿ ಹತ್ತಾರು ಮೈಕ್ರೊಆಂಪಿಯರ್ ಸೋರಿಸಬಲ್ಲದು, ಬಿಸಿಯಾದರೆ ಇನ್ನೂ ಹೆಚ್ಚು. ಬೇರೆ ಕಡೆ ಗುಣವಾಗುವ ಕಡಿಮೆ ವೋಲ್ಟೇಜೇ ಇಲ್ಲಿ ದೋಷ.

ಸಾಮಾನ್ಯ ಸಿಲಿಕಾನ್ 1ಎನ್4148 ಜೋಡಿ ಹಾಕಿ. ಅವು ಸುಮಾರು 0.6 ವೋಲ್ಟ್‌ಗೆ ತಡೆಯುತ್ತವೆ, ಆಗ ಸುರುಳಿಗೆ 300 ಮೈಕ್ರೊಆಂಪಿಯರ್, ಅಂದರೆ ಆರು ಪಟ್ಟು. ಅಷ್ಟಕ್ಕೆ ಸುರುಳಿ ಸುಡದಿದ್ದರೂ ಮುಳ್ಳು ಬಡಿದುಕೊಳ್ಳುತ್ತದೆ, ನನಗೆ ಅದು ಸರಿಬರುವುದಿಲ್ಲ. ಸುರುಳಿಗೆ ಸರಣಿಯಾಗಿ 2 ಕಿಲೊಓಮ್ ಸೇರಿಸಿ, ಡಯೋಡ್‌ಗಳನ್ನು ಇವೆರಡಕ್ಕೂ ಸೇರಿಸಿ ಅಡ್ಡ ಹಾಕಿದರೆ ಹೊಡೆತ ಮೂರು ಪಟ್ಟಿಗೆ ಇಳಿಯುತ್ತದೆ. ಹೊರಗಿನ 298 ಅನ್ನು 296 ಮಾಡಿಕೊಳ್ಳಿ. ಡಯೋಡ್‌ಗಳನ್ನೂ ಕಾಯುವುದು ಅದೇ ರೆಸಿಸ್ಟರ್, ಅದನ್ನು ತಪ್ಪಿಸಿ ಎಂದೂ ಸಂಪರ್ಕ ಕೊಡಬೇಡಿ.

ಇನ್ನು ಮೂಲಕ್ಕೇ ಬರೋಣ: ಆಫ್ ಮಾಡಿದಾಗ ರಿಲೇ ಸುರುಳಿ ಹೊಮ್ಮಿಸುವ ವಿರುದ್ಧ ದಿಕ್ಕಿನ ವೋಲ್ಟೇಜೇ ಮುಳ್ಳನ್ನು ಹಿಂದಕ್ಕೆ ಹಾರಿಸುತ್ತಿದ್ದುದು. ಆ ಸುರುಳಿಗೆ ಅಡ್ಡಲಾಗಿ ಡಯೋಡ್ ಇಲ್ಲವೇ? ಒಂದು 1ಎನ್4007 ಹಾಕಿ, ಪಟ್ಟಿ ಇರುವ ತುದಿ ಧನ ತಂತಿಯ ಕಡೆಗೆ. ತಿರುಗಾಮುರುಗಾ ಆದರೆ ಸಪ್ಲೈ ನೇರ ಶಾರ್ಟ್ ಆಗುತ್ತದೆ.

ತಂತಿಗಂಟು:
ಎರಡನ್ನೂ ಮಾಡಿದೆ. 12ಕ್ಕೆ 12, ಬೆರಳಿಟ್ಟರೂ ಅಲುಗುವುದಿಲ್ಲ. ರಿಲೇ ಆಫ್ ಮಾಡಿದರೆ ಮುಳ್ಳು ಸದ್ದಿಲ್ಲದೆ ಸೊನ್ನೆಗೆ ಬರುತ್ತದೆ. ಬಾಗಿದ ಹಳೆಯ ಮುಳ್ಳನ್ನು ನೇರ ಮಾಡಲು ಹೋಗಲೇ?

ಹಳೆಮುಳ್ಳು:
ಚಿಮಟ ಮತ್ತು ತಾಳ್ಮೆ ಎರಡೂ ಇದ್ದರೆ ಹೋಗಿ. ಬುಡದಲ್ಲಿ ಮಾತ್ರ ಒತ್ತಬೇಡಿ.